ಬಿಳಿಪಟ್ಟಿ ಟೀಚರು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಬಿಳಿಪಟ್ಟಿ ಟೀಚರು. ಕರಾಟೆಯಲ್ಲಿ ಕಪ್ಪು ಪಟ್ಟಿ, ಜೂಡೋದಲ್ಲಿ ಕಪ್ಪು ಪಟ್ಟಿ, ಗೋಡೆಯ ಮೇಲೆ ಬಾಕ್ಸಿಂಗಿನ ಪದಕ, ಬಾಗಿಲ ಸಂದಿಯಲ್ಲಿ ವರಸೆಯ ಕೋಲುಗಳು. ಇಷ್ಟೆಲ್ಲ ಇದ್ದವರಿಗೆ ಈ ಹೆಸರು ಅಂಟಿಸಿದವರು ಬೇರಾರೂ ಅಲ್ಲ, ಅವರ ಗಂಡನೇ. ಆತ ದರ್ಜಿ. ಅಂಗಡಿಗೆ ಬಂದವರ ಎದೆಗೆ ಟೇಪು ಸುತ್ತುತ್ತಾ, "ಬೇರೆಯವ್ರು ಒಂದು ಕ್ಲಾಸು ಪಾಸಾದ್ರೆ ಮುಂದಿನ ಕ್ಲಾಸಿಗೆ ಹೋಗ್ತಾರೆ. ನಮ್ಮನೆಯವಳು ಹಾಗಲ್ಲ. ಕಪ್ಪು ಪಟ್ಟಿ ಬಂತೋ, ಅದನ್ನ ಮಡಚಿಟ್ಟು ಇನ್ಯಾವುದೋ ವಿದ್ಯೆ ಹುಡುಕ್ಕೊಂಡು ಹೋಗಿ, ಹೊಸಬರ ಬಿಳಿ ಪಟ್ಟಿ ಕಟ್ಕೊಂಡು ಒಂದನೇ ಕ್ಲಾಸಲ್ಲಿ ಕೂತ್ಕೋತಾಳೆ," ಎನ್ನುತ್ತಿದ್ದರು. ಬೈಗುಳದಂತೆ ಕಂಡರೂ ಆ ಮಾತು ಹೇಳುವಾಗ ಅವರ ಮುಖ ಅರಳಿರುತ್ತಿತ್ತು.

ಇದೆಲ್ಲ ಶುರುವಾದದ್ದು ಟೀಚರ ಅಣ್ಣನ ಕಳ್ಳಾಟದಿಂದ. ಅಣ್ಣ ಮಹಾ ತುಂಟ. ಅವನಿಗೆ ಸ್ವಲ್ಪ ಶಿಸ್ತು ಬರಲಿ ಎಂದು ಅಪ್ಪ ಮರದ ಡಿಪೋ ಹಿಂದಿನ ಗೋದಾಮಿನಲ್ಲಿ ನಡೆಯುತ್ತಿದ್ದ ಕರಾಟೆ ಕ್ಲಾಸಿಗೆ ಸೇರಿಸಿದ್ದರು. ಅವನೋ ಸಮವಸ್ತ್ರವನ್ನು ಅಲ್ಲಿಯ ಮೊಳೆಗೆ ನೇತುಹಾಕಿ, ಗೂಡ್ಸ್ ರೈಲಿನ ಡಬ್ಬಿ ಎಣಿಸಲು ಹಳಿಯ ಕಡೆ ಓಡಿಬಿಡುತ್ತಿದ್ದ. ಒಂದು ದಿನ ಅಮ್ಮ, "ಹೋಗಿ ನೋಡ್ಕೊಂಡು ಬಾರೇ, ಅವನು ಕಲೀತಿದಾನೋ ಇಲ್ವೋ," ಎಂದು ತಂಗಿಯನ್ನು ಕಳಿಸಿದರು. ತಂಗಿ ಹೋಗಿ ನೋಡಿದರೆ ಸಾಲಿನಲ್ಲಿ ಅಣ್ಣನ ಜಾಗ ಖಾಲಿ, ಮೊಳೆಯ ಮೇಲೆ ಅಣ್ಣನ ಅಂಗಿ. ಚಾಡಿ ಹೇಳಿದರೆ ಅಣ್ಣನಿಗೆ ಏಟು. ಸುಮ್ಮನಿದ್ದರೆ ಜಾಗ ದಂಡ. ಹುಡುಗಿ ಜಡೆಯನ್ನು ಬೆನ್ನೊಳಗೆ ತೂರಿಸಿಕೊಂಡು ಅಂಗಿ ತೊಟ್ಟು ಸಾಲಿನಲ್ಲಿ ನಿಂತುಬಿಟ್ಟಳು.

ಮಾಸ್ತರರಿಗೆ ಕಣ್ಣು ಸ್ವಲ್ಪ ಮಂಜು. "ನೋಡ್ರೋ, ಕಳ್ಳ ಬೀಳ್ತಿದ್ದವನು ಈಗ ಎಷ್ಟು ಚೆನ್ನಾಗಿ ಕಾಲೆತ್ತುತ್ತಾನೆ!" ಎಂದು ವಾರಗಟ್ಟಲೆ ಹೊಗಳಿದರು. ಒಂದು ಸಂಜೆ ಜೋರಾಗಿ ತಿರುಗಿ ಒದೆಯುವಾಗ ಜಡೆ ಕಾಲರಿನಿಂದ ಹಾರಿ ಹೊರಬಂದು ಪಕ್ಕದವನ ಕಿವಿಗೆ ಬಾರಿಸಿತು.  ಮಾಸ್ತರರು ಹತ್ತಿರ ಬಂದು ಜಡೆ ಹಿಡಿದು ನೋಡಿ, "ಇದು ಯಾವಾಗ ಬೆಳೀತಪ್ಪಾ?" ಎಂದರು. ಹುಡುಗಿ ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಬಿದ್ದು ಬಿದ್ದು ನಕ್ಕರು. "ಅಳ್ಬೇಡ. ನಾಳೆಯಿಂದ ಅದನ್ನ ಹೊರಗೇ ಬಿಟ್ಕೊಂಡು ಬಾ. ಆದ್ರೆ ಬಿಗಿಯಾಗಿ ಕಟ್ಟು."

ಹಾಗೆ ಕಟ್ಟಿದವಳು ಬಿಡಲಿಲ್ಲ. ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಕಪ್ಪು ಪಟ್ಟಿ ಬಂತು. ಪಟ್ಟಿ ಸೊಂಟದಲ್ಲಿತ್ತು ನಿಜ, ಆದರೆ ಅದರ ಬಿಸಿ ತಲೆಗೇರಿತ್ತು. ನಿಂತಲ್ಲಿಂದಲೇ ಕಾಲೆತ್ತಿ ಬಾಗಿಲ ಮೇಲಿನ ಚಿಲಕ ತೆಗೆದು ತೋರಿಸುವುದು, ಕೇಳಿದವರಿಗೆಲ್ಲ ಹೆಂಚು ಒಡೆದು ಕೊಡುವುದು, ಇದೇ ಆಯಿತು. ಆ ಬಿಸಿ ಇಳಿಸಿದವರು ಒಬ್ಬ ನರ್ಸಮ್ಮ. ಆಸ್ಪತ್ರೆಯ ಹಾಸ್ಟೆಲಿನಲ್ಲಿ ಪ್ರದರ್ಶನ ಕೊಡಲು ಕರೆದಿದ್ದರು. ಒದೆ, ಗುದ್ದು, ಹೆಂಚು ಎಲ್ಲ ಮುಗಿದು ಚಪ್ಪಾಳೆ ನಿಂತ ಮೇಲೆ, ಮೊದಲ ಸಾಲಿನಿಂದ ಗುಜ್ಜಾರಿಯಾದ, ದುಂಡಗಿನ ನರ್ಸಮ್ಮ ಎದ್ದು ಬಂದರು.

"ಚೆನ್ನಾಗಿ ಒದೀತೀಯಮ್ಮ," ಎಂದರು. "ಆದ್ರೆ ಒದಿವಾಗೆಲ್ಲ ಒಂದೇ ಕಾಲಲ್ಲಿ ನಿಂತಿರ್ತೀಯಲ್ಲ, ಆಗ ಯಾರಾದ್ರೂ ಬಂದ್ರೆ?"

"ಬರಲಿ ನೋಡೋಣ," ಎಂದಳು ಈಕೆ.

ನರ್ಸಮ್ಮ ಬಂದರು. ಮುಂದಿನ ಗಳಿಗೆಯಲ್ಲಿ ಈಕೆ ಅಂಗಾತ ಮಲಗಿ ಚಾವಣಿಯ ಫ್ಯಾನು ನೋಡುತ್ತಿದ್ದಳು. ಏನಾಯಿತು ಎಂದೇ ತಿಳಿಯಲಿಲ್ಲ. ಮೆತ್ತನೆಯ ಕೈಯೊಂದು ತಲೆ ನೆಲಕ್ಕೆ ತಾಗದಂತೆ ಹಿಡಿದುಕೊಂಡಿದ್ದಷ್ಟೇ ನೆನಪು. ಯಾರೋ ಹಿಂದಿನಿಂದ, "ನೆಲಕ್ಕೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತ ಹೇಳಮ್ಮಾ," ಎಂದು ಕೂಗಿದರು. ಈಕೆಗೆ ಎಲ್ಲಿಲ್ಲದ ನಗು ಬಂತು. "ನನಗೆ ಮೀಸೆನೇ ಇಲ್ವಲ್ಲ, ಪೂರ್ತಿ ನಾನೇ ಮಣ್ಣಾದೆ!" ಎಂದು ಮಲಗಿದ್ದಲ್ಲಿಂದಲೇ ಹೇಳಿದಳು.

ನರ್ಸಮ್ಮ ಬಿಡುವಿನಲ್ಲಿ ಜೂಡೋ ಕಲಿಸುವವರೆಂದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆ ಅವರ ಕ್ಲಾಸಿನ ಬಾಗಿಲಲ್ಲಿ ಬಿಳಿ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ನರ್ಸಮ್ಮ ತುಂಬ ದಿನ ಎತ್ತಿ ಹಾಕುವುದನ್ನು ಕಲಿಸಲೇ ಇಲ್ಲ, ಬೀಳುವುದನ್ನೇ ಕಲಿಸಿದರು. ಮುಂದಕ್ಕೆ ಬೀಳುವುದು, ಹಿಂದಕ್ಕೆ ಬೀಳುವುದು, ಉರುಳಿ ಏಳುವುದು. ಕಪ್ಪು ಪಟ್ಟಿಯವಳು ಎಳೆಮಕ್ಕಳ ಜೊತೆ ಚಾಪೆಯ ಮೇಲೆ ಉರುಳಾಡಿದಳು. ಇಷ್ಟು ಖುಷಿ ಕಪ್ಪು ಪಟ್ಟಿ ಬಂದ ದಿನವೂ ಆಗಿರಲಿಲ್ಲ ಎಂಬುದು ಅವಳಿಗೇ ಸೋಜಿಗ. ಏನೂ ಬಾರದವಳಾಗಿರುವುದರಲ್ಲಿ ಒಂದು ರುಚಿಯಿತ್ತು. ಯಾರಿಗೂ ಏನನ್ನೂ ತೋರಿಸಬೇಕಿರಲಿಲ್ಲ. ದಿನಾ ಏನಾದರೂ ಒಂದು ಹೊಸದು ಸಿಗುತ್ತಿತ್ತು.

ಗಂಡ ಸಿಕ್ಕಿದ್ದೂ ಜೂಡೋದಿಂದಲೇ. ಜೂಡೋದಲ್ಲಿ ಎದುರಾಳಿ ಕಾಲರು ಹಿಡಿದು ಎಳೆಯುತ್ತಾನೆ, ಅಂಗಿ ದಪ್ಪಗಿರಬೇಕು. ಅಂಥದ್ದು ಹೊಲಿಸಲು ಮೂಲೆಯ ಹೊಸ ದರ್ಜಿಯ ಹತ್ತಿರ ಹೋದಳು. ಆತ ಶರಟು ಹೊಲಿದಂತೆ ಅಚ್ಚುಕಟ್ಟಾಗಿ ಹೊಲಿದುಕೊಟ್ಟ. ಮೊದಲ ಎಳೆತಕ್ಕೇ ಕಾಲರು ಕಿತ್ತು ನರ್ಸಮ್ಮನ ಕೈಗೆ ಬಂತು. ಕಿತ್ತ ಕಾಲರನ್ನು ಹಾವು ಹಿಡಿದಂತೆ ಹಿಡಿದುಕೊಂಡು ಅಂಗಡಿಗೆ ನುಗ್ಗಿದಳು.

"ಇದೇನ್ರೀ ಹೊಲಿಗೆ?"

"ನೀವೇನು ಬಟ್ಟೆ ಹಾಕ್ಕೋತೀರೋ, ಎತ್ತು ಕಟ್ತೀರೋ?" ಎಂದ ದರ್ಜಿ.

"ಬಂದು ನೋಡಿ."

ದರ್ಜಿ ಬಂದು ನೋಡಿದ. ಹೋಗಿ ಮತ್ತೆ ಹೊಲಿದ, ಅದೂ ಹರಿಯಿತು. ಒಳಗೆ ಕ್ಯಾನ್ವಾಸು ಪಟ್ಟಿ ಕೊಟ್ಟು, ಚಪ್ಪಲಿ ಹೊಲಿಯುವ ದಾರದಲ್ಲಿ ಸಾಲು ಸಾಲಾಗಿ ಹೊಲಿಗೆ ಹಾಕಿ ಮೂರನೆಯದನ್ನು ತಂದ. ಅದನ್ನು ಯಾರಿಂದಲೂ ಹರಿಯಲಾಗಲಿಲ್ಲ. ಆದರೂ ಆತ, ಹೊಲಿಗೆ ಹೇಗಿದೆಯೆಂದು ನೋಡುವ ನೆಪದಲ್ಲಿ ದಿನಾ ಸಂಜೆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದ. ಕೊನೆಗೆ ನರ್ಸಮ್ಮನೇ ಒಳಗಿನಿಂದ, "ಅಂಗಿ ಗಟ್ಟಿಯಾಗಿದೆ ಕಣಪ್ಪಾ, ಇನ್ನು ಮಾತು ಗಟ್ಟಿ ಮಾಡ್ಕೋ," ಎಂದು ಕೂಗಬೇಕಾಯಿತು.

ಮದುವೆಯಾಯಿತು, ಮಗಳು ಹುಟ್ಟಿದಳು. ದರ್ಜಿ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಟೀಚರು ತಮ್ಮದೇ ಶಾಲೆ ತೆರೆದರು. ಮೇಲೆ ಯಾರಾದರೂ ಧೊಪ್ಪೆಂದು ಬಿದ್ದರೆ ಕೆಳಗೆ ಗಾರೆಯ ಪುಡಿ ಉದುರುತ್ತಿತ್ತು. ಹೊಸ ಸೂಟಿನ ಭುಜ ಕೊಡವುತ್ತಾ ದರ್ಜಿ, "ಗಾಬರಿ ಆಗ್ಬೇಡಿ, ನಮ್ಮನೆಯವಳು ಪಾಠ ಮಾಡ್ತಿದಾಳೆ," ಎನ್ನುತ್ತಿದ್ದರು. ಕಲಿಸುವುದು ಒಂದು ಕಡೆ, ಕಲಿಯುವುದು ಇನ್ನೊಂದು ಕಡೆ. ಟಪಾಲು ಹಂಚಿ ಮುಗಿಸಿದ ಅಂಚೆಯಣ್ಣನ ಹತ್ತಿರ ಬಾಕ್ಸಿಂಗ್ ಕಲಿತರು. ಅಲ್ಲಿ ಕಾಲೆತ್ತುವಂತಿಲ್ಲ, ಇವರ ಕಾಲು ಹೇಳಿದ ಮಾತು ಕೇಳುವುದಿಲ್ಲ. ಅಂಚೆಯಣ್ಣ ಟಪಾಲಿನ ಕಟ್ಟು ಬಿಗಿಯುವ ಹುರಿಯಲ್ಲೇ ಎರಡೂ ಕಾಲು ಸೇರಿಸಿ ಕಟ್ಟಿ, "ಈಗ ಒದೀರಿ ನೋಡೋಣ," ಎಂದ. ಆಮೇಲೆ ಗಿರಣಿಯ ಮುದಿ ಕಾವಲುಗಾರನಿಂದ ಕೋಲು ವರಸೆ. ಆತ ಬೆಂಚಿನಿಂದ ಏಳುತ್ತಲೇ ಇರಲಿಲ್ಲ. ಕೂತಲ್ಲಿಂದಲೇ ಟೀಚರ ಬೆರಳ ಗೆಣ್ಣಿಗೆ ಪಟಪಟನೆ ತಟ್ಟಿ ಪಾಠ ಹೇಳುತ್ತಿದ್ದ.

ಹೀಗೆ ವಯಸ್ಸು ಅರವತ್ತರ ಹೊಸ್ತಿಲಿಗೆ ಬಂತು. ಮೊಣಕಾಲು ಸದ್ದು ಮಾಡತೊಡಗಿತು. ಮಗಳು ದನದ ಡಾಕ್ಟರು; ಊರಿಗೆ ಬಂದಾಗ ಅಮ್ಮನ ಕಾಲನ್ನು ಎಮ್ಮೆಯ ಕಾಲು ಮಡಚಿದಂತೆ ಮಡಚಿ ನೋಡಿ, "ಇನ್ನು ಎಗರಿ ಒದಿಯೋದು ಬಂದ್. ನೆಲ ಬಿಟ್ಟು ಮೇಲೆ ಹೋಗೋ ಹಾಗಿಲ್ಲ," ಎಂದಳು.

"ನೆಲದ ಮೇಲೇ ಇರ್ಬಹುದು ತಾನೆ?" ಎಂದು ಟೀಚರು ಕೇಳಿದರು.

"ಇರಮ್ಮ, ಯಾರು ಬೇಡ ಅಂದ್ರು?"

ಅವಳಿಗೆ ಆ ಪ್ರಶ್ನೆಯ ಒಳಗುಟ್ಟು ತಿಳಿಯಲಿಲ್ಲ. ಬೀದಿಗೆ ಮಾತ್ರ ಸ್ವಲ್ಪ ದಿನದಲ್ಲೇ ತಿಳಿಯಿತು.

ಟೀಚರ ಶಾಲೆಯ ಎದುರಿಗೇ, ಮೊದಲು ಟೈರು ಅಂಗಡಿಯಿದ್ದ ಜಾಗದಲ್ಲಿ, ಜುಜಿತ್ಸು ಎಂಬ ವಿದ್ಯೆಯ ಹೊಸ ಶಾಲೆ ಆಗಷ್ಟೇ ತೆರೆದಿತ್ತು. ನೆಲದ ಮೇಲೆ ಮಲಗಿ, ಉರುಳಿ, ಎದುರಾಳಿಯ ಕೈಕಾಲನ್ನು ಗಂಟು ಹಾಕುವ ವಿದ್ಯೆ ಅದು. ತೆರೆದವಳು ಬೇರೆ ಯಾರೂ ಅಲ್ಲ, ಟೀಚರ ಹತ್ತಿರವೇ ಚಿಕ್ಕಂದಿನಿಂದ ಕಲಿತ ಹುಡುಗಿ. ಸಣಕಲು ಮೈ, ಚುರುಕು ಬುದ್ಧಿ. ಟೀಚರು ಅವಳಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದರು. ದೂರದೂರಿಗೆ ಹೋಗಿ ಹೊಸ ವಿದ್ಯೆ ಕಲಿತು ಬಂದಿದ್ದಳು. ಬೇರೆಲ್ಲೂ ಜಾಗ ಸಿಗದೆ ಇಲ್ಲೇ ಬಾಡಿಗೆ ಹಿಡಿದಿದ್ದಳು. ಟೀಚರಿಗೆ ಹೇಗೆ ಹೇಳುವುದೆಂದು ಹೆದರಿ, ಹೇಳದೆಯೇ ಬೋರ್ಡು ಹಾಕಿಬಿಟ್ಟಿದ್ದಳು.

ಬೀದಿಗೆ ಹಬ್ಬ. "ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ," ಎಂದರು ಔಷಧಿ ಅಂಗಡಿಯವರು. "ಒಂದೇ ಒರೆಯಲ್ಲಿ ಎರಡು ಕತ್ತಿ ಇರುತ್ತಾ?" ಎಂದ ಕ್ಷೌರದವನು. ಟೀಚರು ತಮ್ಮ ಕಿಟಕಿಯ ಬಳಿ ನಿಂತು ಎದುರಿನ ಗಾಜಿನ ಬಾಗಿಲನ್ನೇ ಸಂಜೆಗಟ್ಟಲೆ ನೋಡುತ್ತಿದ್ದರು. ನೋಡಿದವರೆಲ್ಲ ಅದನ್ನು ಸಿಟ್ಟು ಎಂದುಕೊಂಡರು.

ಒಂದು ಸೋಮವಾರ ಸಂಜೆ ಟೀಚರು ಮೆಟ್ಟಿಲಿಳಿದು, ಒಂದು ಕೈಚೀಲ ಹಿಡಿದು ನೇರ ಬೀದಿ ದಾಟಿದರು. ಕ್ಷೌರದವನು ಅರ್ಧ ಗಡ್ಡಕ್ಕೆ ಕತ್ತಿ ನಿಲ್ಲಿಸಿ ಹೊರಬಂದ. ಅರ್ಧ ಗಡ್ಡದವನೂ ನೊರೆ ಸಮೇತ ಹಿಂದೆಯೇ ಬಂದ. ಔಷಧಿ ಅಂಗಡಿಯವರು ಬ್ಯಾಂಡೇಜು ಪೊಟ್ಟಣ ಹಿಡಿದೇ ಹೊರಟರು. ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತ ಜನರೆಲ್ಲರ ಕಣ್ಣೆದುರಿಗೆ ಟೀಚರು ಚಪ್ಪಲಿ ಬಿಟ್ಟು ಒಳಗೆ ಹೋದರು. ಗುಂಡುಸೂಜಿ ಬಿಳಿಚಿಕೊಂಡು ನಿಂತಳು.

"ಟೀಚರ್, ನಾನೇ ಬಂದು ಹೇಳ್ಬೇಕು ಅಂತಿದ್ದೆ..."

"ಬಟ್ಟೆ ಬದಲಾಯಿಸೋ ಕೋಣೆ ಎಲ್ಲಿ?" ಎಂದರು ಟೀಚರು.

ಒಳಗೆ ಹೋದವರು ಹೊರಬಂದಾಗ ಗಂಡ ಹೊಲಿದ ದಪ್ಪ ಅಂಗಿ ತೊಟ್ಟಿದ್ದರು. ಸೊಂಟದಲ್ಲಿ ಹೊಸ ಬಿಳಿ ಪಟ್ಟಿ. ಹೊಸಬರ ಸಾಲಿನ ಕೊನೆಗೆ, ಒಬ್ಬ ದಡೂತಿ ಬಸ್ ಡ್ರೈವರನ ಪಕ್ಕದಲ್ಲಿ ಹೋಗಿ ನಿಂತು, ತಾವೇ ಕಲಿಸಿದ ಹುಡುಗಿಗೆ ತಲೆಬಾಗಿ ನಮಸ್ಕರಿಸಿದರು. ಗುಂಡುಸೂಜಿಯ ಕಣ್ಣು ತುಂಬಿ ಬಂತು. ಅವಳಿಗೆ ಟೀಚರೇ ಮೆಲ್ಲಗೆ, "ಶುರು ಮಾಡಮ್ಮ, ನಿಂತ್ರೆ ಮೊಣಕಾಲು ಹಿಡ್ಕೊಳ್ಳುತ್ತೆ," ಎಂದರು.

ಹೊರಗೆ ಸೇರಿದ್ದ ಜನರಿಗೆ ದರ್ಜಿ, "ನನಗೆ ಮೊದಲೇ ಗೊತ್ತಿತ್ತು. ಹೋದ ವಾರನೇ ಅಂಗಿ ಅಗಲ ಮಾಡಿಸ್ಕೊಂಡ್ಲು," ಎನ್ನುತ್ತಿದ್ದರು. "ಅರವತ್ತಕ್ಕೆ ಅರಳು ಮರಳು ಅಂತಾರೆ," ಎಂದು ಔಷಧಿ ಅಂಗಡಿಯವರು ನಿಟ್ಟುಸಿರಿಟ್ಟರೆ, "ಅದೇ ಮತ್ತೆ. ಮತ್ತೆ ಅರಳೋದು, ಮತ್ತೆ ಬಿಳಿ ಪಟ್ಟಿಗೆ ಮರಳೋದು. ಎಲ್ಲರಿಗೂ ಬರುತ್ತಾ ಆ ಭಾಗ್ಯ?" ಎಂದು ದರ್ಜಿ ಅಂಗಡಿಗೆ ನಡೆದರು.

ಕಲಿಕೆ ಸುಲಭವಿರಲಿಲ್ಲ. ಮೊದಲ ಕೆಲವು ದಿನ ಗುಂಡುಸೂಜಿ ಟೀಚರನ್ನು ಗಾಜಿನ ಬೊಂಬೆಯಂತೆ ಮುಟ್ಟಿದಳು. ಕತ್ತು ಹಿಡಿಯುವ ಪಟ್ಟನ್ನು ತೋರಿಸುವಾಗ ಅವಳ ಕೈ ಶಾಲು ಹೊದಿಸಿದಂತಿತ್ತು. ಟೀಚರಿಗೆ ರೇಗಿತು.

"ಏನೇ ಇದು, ನನಗೆ ಸನ್ಮಾನ ಮಾಡ್ತಿದೀಯಾ? ಸರಿಯಾಗಿ ಹಿಸುಕು!"

"ಹೇಗೆ ಟೀಚರ್, ನಿಮ್ಮ ಕತ್ತು..."

"ಇಲ್ಲಿ ಟೀಚರ್ ಯಾರು?"

ಗುಂಡುಸೂಜಿ, "ನಾನು," ಎಂದಳು.

"ಹಾಗಾದ್ರೆ ಕಲಿಸು."

ಅವಳು ಹಿಸುಕಿದಳು. ಈ ವಿದ್ಯೆಯಲ್ಲಿ ಸಿಕ್ಕಿಬಿದ್ದವರು ಎದುರಾಳಿಯ ಮೈಯನ್ನೋ ಚಾಪೆಯನ್ನೋ ಕೈಯಿಂದ ಮೆಲ್ಲಗೆ ತಟ್ಟಬೇಕು. ತಟ್ಟಿದ ಕೂಡಲೆ ಹಿಡಿದವರು ಬಿಡುತ್ತಾರೆ. ಸೋತೆ ಎಂದು ಹೇಳುವ ಬಗೆ ಅದು. ಟೀಚರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಜೀವಮಾನವಿಡೀ ಹಲ್ಲು ಕಚ್ಚಿ ತಡೆದುಕೊಳ್ಳುವುದನ್ನು ಕಲಿತ ಮೈ ಅದು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದರೂ ಕೈ ಮೇಲೇಳಲಿಲ್ಲ. ಗುಂಡುಸೂಜಿಯೇ ಗಾಬರಿಯಿಂದ ಬಿಟ್ಟಳು.

ದಾರಿ ತೋರಿಸಿದವನು ಬಸ್ ಡ್ರೈವರ್. ಅವನೂ ಹೊಸಬನೇ, ಆದರೆ ಎಲ್ಲರಿಗಿಂತ ಬೇಗ ತಟ್ಟುತ್ತಿದ್ದ. "ನೋಡಿ ಅಮ್ಮಾ," ಎಂದ ಅವನು, "ನಾನು ದಿನಾ ಬಸ್ಸು ಓಡಿಸ್ತೀನಿ. ಯಾರಾದ್ರೂ ಬಸ್ಸಿನ ಪಕ್ಕಕ್ಕೆ ತಟ್ಟಿದ್ರೆ ನಿಲ್ಲಿಸ್ತೀನಿ. ಅವರು ಸೋತ್ರು ಅಂತಲ್ಲ, ಅವರ ಸ್ಟಾಪು ಬಂತು ಅಂತ. ಇಳ್ಕೊಂಡು ಮತ್ತೆ ಹತ್ತಬಹುದಲ್ಲ?"

ಟೀಚರು ಚಾಪೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. ಅವತ್ತಿನಿಂದ ಧಾರಾಳವಾಗಿ ತಟ್ಟಿದರು. ತಟ್ಟಿದಷ್ಟೂ ಕಲಿತರು. ಏನಾಯಿತು, ಎಲ್ಲಿ ತಪ್ಪಿದೆ, ಇನ್ನೊಮ್ಮೆ ಹಿಡಿ ಎಂದು ಹುಡುಗಿಯ ಬೆನ್ನು ಬಿಡುತ್ತಿರಲಿಲ್ಲ. ಬೀದಿಯ ಗುಸುಗುಸು ತಾನಾಗಿ ತಣ್ಣಗಾಯಿತು. ಎರಡೂ ಶಾಲೆಗಳ ಮಕ್ಕಳು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡತೊಡಗಿದರು. ಸೋಮವಾರ ಸಂಜೆ ಟೀಚರು ಗುಂಡುಸೂಜಿಯ ಶಿಷ್ಯೆ; ಮಂಗಳವಾರ ಬೆಳಿಗ್ಗೆ ಗುಂಡುಸೂಜಿ ಮೇಲಿನ ಅಂತಸ್ತಿನಲ್ಲಿ ಕೋಲು ಹಿಡಿದು ಟೀಚರ ಶಿಷ್ಯೆ.

ಒಂದು ದಿನ ಡ್ರೈವರನ ಜೊತೆ ಸೆಣಸುತ್ತಿದ್ದಾಗ ವಿಚಿತ್ರವೊಂದು ನಡೆಯಿತು. ಡ್ರೈವರ್ ಬೆಟ್ಟದ ಹಾಗೆ ಮೈಮೇಲೆ ಬಿದ್ದ. ಟೀಚರು ಯೋಚಿಸಲೇ ಇಲ್ಲ. ನರ್ಸಮ್ಮನ ಹಾಗೆ ಸೊಂಟ ಸರಿಸಿದರು, ಅಂಚೆಯಣ್ಣನ ಹಾಗೆ ಗಲ್ಲ ಒಳಗೆಳೆದು ಕತ್ತು ಕಾಪಾಡಿಕೊಂಡರು, ಕಾವಲುಗಾರನ ಕೋಲಿನಂತೆ ಮೊಣಕೈಯನ್ನು ಸಂದಿಗೆ ತೂರಿಸಿದರು. ಬೆಟ್ಟ ಉರುಳಿತು. ಡ್ರೈವರ್ ಕೆಳಗೆ, ಟೀಚರು ಮೇಲೆ. ಅವನು ಪಟಪಟನೆ ತಟ್ಟುತ್ತಾ, "ಸ್ಟಾಪ್ ಬಂತು, ಸ್ಟಾಪ್ ಬಂತು!" ಎಂದು ಕೂಗಿದ. ಟೀಚರು ಅವನನ್ನು ಬಿಟ್ಟು ಚಾಪೆಯ ಮೇಲೆ ಕೂತರು. ತಾವು ಕಲಿತದ್ದೆಲ್ಲ ಬೇರೆ ಬೇರೆ ಪೆಟ್ಟಿಗೆಯಲ್ಲಿದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದರು. ಪೆಟ್ಟಿಗೆಗಳ ನಡುವಿನ ಗೋಡೆ ಯಾವಾಗ ಬಿದ್ದುಹೋಯಿತೋ ತಿಳಿಯಲಿಲ್ಲ. ಕಲಿಸಿದವರೆಲ್ಲ ಒಂದೇ ಸಲ ಬಂದು ಪಕ್ಕದಲ್ಲಿ ಕೂತಂತಾಗಿ ಮೈ ಜುಮ್ಮೆಂದಿತು.

ಮುಂದಿನ ಬೇಸಿಗೆಯಲ್ಲಿ ಪಕ್ಕದೂರಿನ ಹೈಸ್ಕೂಲಿನ ಸಭಾಂಗಣದಲ್ಲಿ ಜುಜಿತ್ಸು ಪಂದ್ಯ ನಡೆಯಿತು. ಐವತ್ತೈದು ದಾಟಿದ ಹೆಂಗಸರ ವಿಭಾಗವೂ ಇತ್ತು. ಗುಂಡುಸೂಜಿ ಕೇಳದೆಯೇ ಟೀಚರ ಹೆಸರು ಕೊಟ್ಟುಬಿಟ್ಟಿದ್ದಳು. ಹೋಗಿ ನೋಡಿದರೆ ಆ ವಿಭಾಗದಲ್ಲಿ ಇದ್ದವರೇ ಇಬ್ಬರು. "ಇದು ಮೊದಲನೇ ಸುತ್ತೂ ಹೌದು, ಫೈನಲ್ಲೂ ಹೌದು. ಸೋತ್ರೂ ಬೆಳ್ಳಿ ಗ್ಯಾರಂಟಿ," ಎಂದು ದರ್ಜಿ ಹೆಂಡತಿಯ ಕಾಲರು ಸರಿಪಡಿಸಿದರು.

ಎದುರಾಳಿ ಸೂಲಗಿತ್ತಿಯಾಗಿ ದುಡಿದು ನಿವೃತ್ತರಾದವರು. ಬೆಳ್ಳಿಗೂದಲು, ಅಗಲ ಅಂಗೈ, ಮುಖದ ತುಂಬ ನಗು. ಇಬ್ಬರೂ ಕೈ ಕುಲುಕಿದರು. ಕುಲುಕಿದ ಕೈಯಲ್ಲೇ ಟೀಚರಿಗೆ ಗೊತ್ತಾಯಿತು, ಇದು ಹೊಸಬರ ಕೈಯಲ್ಲ ಎಂದು. ಪಂದ್ಯ ಶುರುವಾಯಿತು. ಟೀಚರು ಎಳೆದರೆ ಆಕೆ ಬಳ್ಳಿಯಂತೆ ಜೊತೆಗೇ ಬಂದರು. ತಳ್ಳಿದರೆ ಅಲ್ಲಿ ಇರಲೇ ಇಲ್ಲ. ಇಬ್ಬರೂ ಉರುಳಿದರು, ಎದ್ದರು, ಮತ್ತೆ ಉರುಳಿದರು. ಪಕ್ಕದ ಚಾಪೆಗಳಲ್ಲಿ ಕಾದಾಡುತ್ತಿದ್ದ ಹುಡುಗರು ತಮ್ಮ ಕಾದಾಟ ಬಿಟ್ಟು ನೋಡತೊಡಗಿದರು. "ಕಾಲು! ಟೀಚರ್, ಕಾಲು ನೋಡ್ಕೊಳ್ಳಿ!" ಎಂದು ಗುಂಡುಸೂಜಿ ಗಂಟಲು ಹರಿದುಕೊಂಡಳು. ಅಷ್ಟರಲ್ಲಿ ಆಕೆ ಅದೇನೋ ಒಂದು ವಿಚಿತ್ರ ರೀತಿಯಲ್ಲಿ ಹಿಂದಕ್ಕೆ ವಾಲಿ, ಟೀಚರ ತೋಳನ್ನು ಕಂಕುಳಲ್ಲಿ ಸಿಕ್ಕಿಸಿ ತಿರುಗಿಸಿಬಿಟ್ಟರು. ಟೀಚರು ಎಂದೂ ಕಾಣದ ಪಟ್ಟು ಅದು. ಒಂದು ಕ್ಷಣ ತಡೆದರು. ಆಮೇಲೆ ಆರಾಮಾಗಿ ತಟ್ಟಿದರು.

ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಟೀಚರು ಎದ್ದವರೇ ಆಕೆಯ ತೋಳು ಹಿಡಿದುಕೊಂಡರು. "ಅದೇನ್ರೀ ಅದು? ಎಲ್ಲಿ ಕಲಿತ್ರಿ?"

"ಅದಾ?" ಎಂದು ಆಕೆ ಏದುಸಿರಲ್ಲೇ ನಕ್ಕರು. "ನಮ್ಮಪ್ಪ ಪೈಲ್ವಾನ್ರು. ಗಂಡು ಮಕ್ಕಳಿಗೆ ಹೇಳಿಕೊಡೋವಾಗ ಕಿಟಕಿಯಿಂದ ನೋಡಿ ಕಲ್ತಿದ್ದು. ನೀವು ಮೊದಲು ಸೊಂಟ ಸರಿಸಿದ್ರಲ್ಲ, ಅದು ಹೇಗೆ? ನಾನು ಗೋವಿಂದ ಅಂತಲೇ ಅಂದ್ಕೊಂಡಿದ್ದೆ."

"ಬನ್ನಿ, ತೋರಿಸ್ತೀನಿ."

ಪದಕ ಕೊಡುವ ಹೊತ್ತಿಗೆ ಮೈಕಿನಲ್ಲಿ ಇಬ್ಬರನ್ನೂ ಕರೆದರು. ಯಾರೂ ಬರಲಿಲ್ಲ. ಮತ್ತೆ ಕರೆದರು. ಗುಂಡುಸೂಜಿ ಮಹಡಿ ಹುಡುಕಿದಳು, ಡ್ರೈವರ್ ಮೈದಾನ ಹುಡುಕಿದ. ಕೊನೆಗೆ ದರ್ಜಿಗೆ ಇಬ್ಬರೂ ಸಿಕ್ಕಿದ್ದು ಪ್ರಯೋಗಶಾಲೆಯ ಮುಂದಿನ ಉದ್ದನೆಯ ವರಾಂಡದಲ್ಲಿ. ಚಾಪೆ ಇರಲಿಲ್ಲ; ಬರಿ ನೆಲದ ಮೇಲೆ ಯಾರದೋ ಕೋಟು ಹಾಸಿಕೊಂಡಿದ್ದರು. ಸೂಲಗಿತ್ತಿಯಮ್ಮ ಅಂಗಾತ ಮಲಗಿದ್ದರು. ಟೀಚರು ಅವರ ತೋಳನ್ನು ತಮ್ಮ ಕಂಕುಳಿಗೆ ಸಿಕ್ಕಿಸಿಕೊಳ್ಳಲು ಒದ್ದಾಡುತ್ತಿದ್ದರು.

"ಒಳಗೆ ಪದಕ ಕೊಡ್ತಿದಾರೆ ಕಣೇ!" ಎಂದರು ದರ್ಜಿ.

"ಇಸ್ಕೊಂಡು ಬನ್ನಿ, ಇಬ್ಬರದ್ದೂ," ಎಂದರು ಟೀಚರು ತಲೆಯೆತ್ತದೆ. ಆಮೇಲೆ ಕೆಳಗಿದ್ದವರನ್ನು ಕೇಳಿದರು, "ಹೆಬ್ಬೆರಳು ಹೀಗಾ, ಹೀಗಾ?"

"ಮೇಲಕ್ಕೆ. ಇನ್ನೂ ಸ್ವಲ್ಪ. ಹಾಂ... ಅಯ್ಯಯ್ಯೋ, ಬಂತು, ಬಂತು, ಬಿಡ್ರೀ!"